ನೀರು ಸೋಕಿಸಬೇಡಿ ಎಂಬ ಕಾಗದ ನಿಮ್ಮ ಕಡತದಲ್ಲಿ ಕ್ಷೇಮವಾಗಿದೆ

ವಶಪಡಿಸಿಕೊಂಡ ಪ್ರಾಣಿಗಳ ಪಾಲನೆಯ ಹೊಣೆ ಹೊತ್ತ ಅಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡುವುದು ವಾಡಿಕೆ. ಮೂರು ಅರ್ಜಿಗಳಲ್ಲಿ ಹಾಗೆಯೇ ಬರೆದೆ, ಅದೂ ತಮಿಳಿನಲ್ಲಿ, ಪಕ್ಕದ ಬೀದಿಯ ಮೇಷ್ಟರ ಕೈಯಲ್ಲಿ ತಿದ್ದಿಸಿ. ಈ ಸಲ ನೇರವಾಗಿ ಹೇಳುತ್ತೇನೆ. ಏಪ್ರಿಲ್ ಹತ್ತರಂದು ತಮಿಳುನಾಡಿನ ಗಡಿಯಲ್ಲಿರುವ ಬೇರಿಕೆಯ ನಮ್ಮ ಮನೆಯಿಂದ ನೀವು ಹೊತ್ತೊಯ್ದ ಹನ್ನೊಂದು ಚಿಂಚಿಲಾಗಳಲ್ಲಿ ಒಂಬತ್ತು ನಿಮ್ಮ ಕಚೇರಿಯ ಹಿಂದಿನ ತಗಡಿನ ಕೋಣೆಯಲ್ಲಿ ಸತ್ತಿವೆ. ಎರಡು ಬದುಕಿವೆ. ಆ ಎರಡನ್ನಾದರೂ ಉಳಿಸಿ ಎಂದು ಊರೆಲ್ಲ ಕೇಳುವಂತೆ ಕೂಗಲು ಈ ಪತ್ರ. ಕನ್ನಡದಲ್ಲಿ ಬರೆದದ್ದಕ್ಕೆ ಬೇಸರಿಸಬೇಡಿ, ನಿಮಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಪಂಜರಗಳನ್ನು ಜೀಪಿಗೆ ಏರಿಸುವಾಗ ನಮ್ಮತ್ತೆ ಪಾಪಮ್ಮ ಕೊಟ್ಟ ಮಜ್ಜಿಗೆ ಕುಡಿದು "ಒಗ್ಗರಣೆ ಬೊಂಬಾಟಾಗೈತೆ ಕಣಜ್ಜಿ" ಅಂದವರು ತಾವೇ ಅಲ್ಲವೇ?

ಚಿಂಚಿಲಾ ಎಂದರೇನೆಂದು ಓದುವವರಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. ನಿಮಗೂ ಗೊತ್ತಿರಲಿಲ್ಲ, ಮಹಜರಿನಲ್ಲಿ "ದೊಡ್ಡ ಇಲಿಯಂಥ ಪ್ರಾಣಿ" ಎಂದು ಬರೆಸಿದ್ದೀರಿ. ಅಳಿಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಮೈತುಂಬ ಒತ್ತಾದ ಬೂದು ತುಪ್ಪಳ. ದಕ್ಷಿಣ ಅಮೆರಿಕದ ಒಣ ಚಳಿಯ ಬೆಟ್ಟಗಳ ಜೀವ. ಸೆಕೆ ತಡೆಯುವುದಿಲ್ಲ. ಸ್ನಾನ ಮಾಡುವುದು ನೀರಿನಲ್ಲಲ್ಲ, ನುಣ್ಣನೆಯ ಮಣ್ಣಿನ ಪುಡಿಯಲ್ಲಿ ಹೊರಳಿ. ತುಪ್ಪಳ ಎಷ್ಟು ಒತ್ತಾಗಿದೆಯೆಂದರೆ ಒಮ್ಮೆ ನೆನೆದರೆ ಬುಡದ ತನಕ ಒಣಗುವುದೇ ಇಲ್ಲ. ಅಂಗಡಿಯಲ್ಲಿ ಮುದ್ದಾಗಿದೆಯೆಂದು ಕೊಂಡವರಿಗೆ ಇದು ಮೊದಲ ಬೇಸಿಗೆಯಲ್ಲಿ ತಿಳಿಯುತ್ತದೆ. ಆಮೇಲೆ ಅವು ರಟ್ಟಿನ ಡಬ್ಬಗಳಲ್ಲಿ ನಮ್ಮ ಮನೆಗೆ ಬರುತ್ತವೆ.

ಮೊದಲ ಜೋಡಿಯನ್ನು ತಂದವರು ನನ್ನ ಗಂಡ ಸುರೇಂದ್ರ. ಹೊಸೂರಿನ ಸಾಕುಪ್ರಾಣಿ ಅಂಗಡಿಯೊಂದು ಮುಚ್ಚುವಾಗ "ಬೇಕಾದ್ರೆ ತಕೊಂಡೋಗಿ, ಇಲ್ಲಾಂದ್ರೆ ಬಿಸಾಕ್ತೀವಿ" ಅಂದರಂತೆ. ನಮ್ಮ ಮಾವನ ಕಾಲದ ರೇಷ್ಮೆಹುಳು ಸಾಕುವ ಮನೆ ಹಿತ್ತಿಲಲ್ಲಿ ಖಾಲಿ ಬಿದ್ದಿತ್ತು. ಮಣ್ಣಿನ ದಪ್ಪ ಗೋಡೆ, ಹೆಂಚು, ಸುತ್ತ ನೆರಳು. ಅದಕ್ಕೆ ಏಸಿ ಹಾಕಿಸಿದೆವು. ಅತ್ತೆ ಬಂದವರಿಗೆಲ್ಲ ಹೇಳಿಕೊಂಡು ನಕ್ಕರು: "ಊರೋರೆಲ್ಲ ಇಲೀನ ಬೋನಿಕ್ಕಿ ಹಿಡೀತಾರೆ, ನನ್ ಸೊಸೆ ಏಸಿ ಹಾಕಿ ಮಲಗಿಸ್ತಾಳೆ." ಹಲ್ಲು ಅಡ್ಡಾದಿಡ್ಡಿ ಬೆಳೆದು ಮೇವು ಅಗಿಯಲಾರದವು, ಒಂದು ಕಿವಿ ಹರಿದವು, ಹೀಗೆ ನಾಲ್ಕು ವರ್ಷದಲ್ಲಿ ಹಲವು ಬಂದವು. ಗಟ್ಟಿಯಾದ ಎರಡು ಜೋಡಿಗಳಿಂದ ಮಾತ್ರ ಮರಿ ಮಾಡಿಸಿದೆ. ರೋಗಿಷ್ಟ ಮರಿ ಮಾರುವ ಅಂಗಡಿಗಳ ಕಡೆ ಜನ ಹೋಗದಿರಲಿ ಎಂಬುದೊಂದೇ ಆಸೆ. ಮರಿ ಕೇಳಿದವರ ಮನೆಗೇ ಹೋಗಿ, ತಣ್ಣನೆಯ ಕೋಣೆ ನೋಡಿಕೊಂಡು ಕೊಡುತ್ತಿದ್ದೆ.

ಇಲ್ಲಿ ನನ್ನದೊಂದು ಪಾಪ ಒಪ್ಪಿಕೊಳ್ಳಬೇಕು. ಮೊದಲ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಹುಳು ಸಾಕಿದ ಮನೆಯ ಸೊಸೆ ನಾನು. ಸೆಕೆಯಾದರೆ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟುವುದು, ನೆಲಕ್ಕೆ ನೀರು ಚಿಮುಕಿಸುವುದು ನನ್ನ ಕೈಗೆ ಬಂದದ್ದು. ಹಾಗೇ ಮಾಡಿದೆ. ಕೋಣೆ ತಣ್ಣಗಾಯಿತು, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಕಿಟಕಿಗೆ ಹತ್ತಿರವಿದ್ದ ಹೆಣ್ಣು ತೇವ ಹಿಡಿದು, ಉಸಿರು ಕಟ್ಟಿ, ಮೂರನೆಯ ದಿನ ನನ್ನ ಮಡಿಲಲ್ಲೇ ಹೋಯಿತು. ಹುಳುವಿಗೆ ಬೇಕಾದದ್ದೇ ಇದಕ್ಕೆ ವಿಷವೆಂದು ನನಗೆ ಯಾರೂ ಹೇಳಿರಲಿಲ್ಲ. ಆವತ್ತು ಅತ್ತಷ್ಟು ನಾನು ನನ್ನಪ್ಪ ಸತ್ತಾಗಲೂ ಅತ್ತಿರಲಿಲ್ಲ.

ನಾನು ಹನ್ನೆರಡು ವರ್ಷ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಚೆಕಿಂಗ್ ಮಾಡಿದವಳು. ಅಲ್ಲಿ ಪ್ರತಿ ಮೆಷಿನ್ನಿನ ಮೇಲೂ ಸೂಚನೆಯ ಹಾಳೆ ಅಂಟಿಸಿರುತ್ತದೆ, ಹೊಸಬರು ಬಂದರೂ ಕೈ ತಪ್ಪಬಾರದೆಂದು. ಆ ಸಾವಿನ ಮಾರನೆಯ ದಿನ ನಾನೂ ಒಂದು ಹಾಳೆ ಬರೆದೆ, ತಮಿಳಿನಲ್ಲೂ ಕನ್ನಡದಲ್ಲೂ. ಮೊದಲ ಸಾಲು, ಕೆಂಪು ಶಾಯಿಯಲ್ಲಿ: "ನೀರು ಸೋಕಿಸಬೇಡಿ." ಆಮೇಲೆ ಉಳಿದದ್ದು: ಬಿಸಿಲ ಕೋಣೆಯಲ್ಲಿ ಇಡಬೇಡಿ, ಒಣಹುಲ್ಲು ಮಾತ್ರ ಕೊಡಿ, ಸ್ನಾನಕ್ಕೆ ಮಣ್ಣಿನ ಪುಡಿಯ ಬಟ್ಟಲು ಇಡಿ, ಕಿವಿ ಕೆಂಪಗಾದರೆ ಕೂಡಲೇ ಈ ನಂಬರಿಗೆ ಫೋನ್ ಮಾಡಿ. ಪ್ರತಿ ಪಂಜರಕ್ಕೂ ಒಂದೊಂದು ಪ್ರತಿ ಅಂಟಿಸಿದೆ.

ಏಪ್ರಿಲ್ ಹತ್ತರಂದು ನೀವು ಬಂದಿರಿ. ವಿದೇಶಿ ಪ್ರಾಣಿಗಳ ನಿಯಮದಂತೆ ಎರಡು ಮರಿಗಳ ಹುಟ್ಟನ್ನು ನಿಗದಿತ ದಿನದೊಳಗೆ ಆನ್‌ಲೈನಿನಲ್ಲಿ ದಾಖಲಿಸಿಲ್ಲ ಎಂಬುದು ನನ್ನ ಮೇಲಿನ ಆರೋಪ. ನಿಜ. ಇಪ್ಪತ್ತಮೂರು ದಿನ ತಡವಾಗಿತ್ತು. ಪೋರ್ಟಲ್ ತೆರೆಯಲಿಲ್ಲ, ಫೋಟೋ ಏರಲಿಲ್ಲ ಎಂದು ನೆವ ಹೇಳುವುದಿಲ್ಲ. ಹನ್ನೆರಡು ವರ್ಷ ಬೇರೆಯವರ ತಪ್ಪು ಹಿಡಿದವಳಿಗೆ ತನ್ನ ತಪ್ಪು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಆದರೆ ತಡವಾಗಿ ದಾಖಲಾದ ಮರಿಯನ್ನು ತಗಡಿನ ಕೋಣೆಯಲ್ಲಿ ಬೇಯಿಸಬೇಕೆಂದು ಯಾವ ನಿಯಮದಲ್ಲಿದೆ? "ಸಾರ್, ಸೆಕೆಗೆ ಸತ್ತೋಯ್ತವೆ, ಎಲ್ಲಾ ಪಂಜರದ ಮೇಲೆ ಬರ್ದಿದೀನಿ, ಓದಿ" ಎಂದು ಅಂಗಲಾಚಿದೆ. ಓದಿದಿರಿ. ಓದಿ ತಲೆಯಾಡಿಸಿದಿರಿ. ನಿಮ್ಮ ಸಿಬ್ಬಂದಿಗೆ ಏನೋ ಹೇಳಿದಿರಿ. ನನಗೆ ಧೈರ್ಯ ಬಂತು.

ನೀವು ಹೇಳಿದ್ದೇನೆಂದು ನನಗೆ ಗೊತ್ತಾದದ್ದು ಏಳು ದಿನದ ಮೇಲೆ, ನಿಮ್ಮ ಕಚೇರಿಯ ಕಾವಲುಗಾರ ಶ್ಯಾಮಣ್ಣನಿಂದ. ರಾಯಕೋಟೆ ಕಡೆಯವನು, ಮನೆಯಲ್ಲಿ ಎರಡು ಹಸು ಕಟ್ಟಿಕೊಂಡಿರುವ ವಯಸ್ಸಾದ ಮನುಷ್ಯ. ಗೇಟಿನ ಹೊರಗೆ ನನ್ನನ್ನು ಕಂಡವನೇ ತಲೆ ತಗ್ಗಿಸಿದ.

"ಐದನೇ ದಿನ ಮಧ್ಯಾನ ಉಸ್ರು ಸೆಳೀತಾ ಅಡ್ಡಡ್ಡ ಬಿದ್ದಿದ್ವು ಕಣಮ್ಮ. ಕಿವಿ ರಕ್ತದಂಗೆ ಕೆಂಪಗಿದ್ವು. ನಮ್ಮ ಹಸ ಬಿಸ್ಲಿಗೆ ತೇಕಿದ್ರೆ ನೀರು ಹುಯ್ಯಲ್ವಾ? ಅಂಗೇ ಪೈಪ್ ಹಿಡ್ದು ಹುಯ್ದ್‌ಬುಟ್ಟೆ."

"ಅಯ್ಯೋ ಶ್ಯಾಮಣ್ಣ, ಪಂಜರದ ಮೇಲೆ ಕೆಂಪಗೆ ಬರ್ದಿತ್ತಲ್ಲೋ!"

"ಚೀಟಿ ಎಲ್ಲಿತ್ತಮ್ಮ? ತಂದ ದಿನಾನೇ ಸಾಹೇಬ್ರು ಎಲ್ಲಾನೂ ಕೀಳಿಸಿ ಫೈಲಿಗೆ ಸೇರಿಸ್ಬುಟ್ರು. ಸಾಕ್ಷಿಯಂತೆ. ನಾನೇ ನೀರಚ್ಚಿ ಒಂದೊಂದಾಗಿ ಬಿಡಿಸ್ದೆ, ಹರೀಬಾರ್ದು ಅಂತ ಯೋಳಿದ್ರು."

ಆ ಕಾಗದ ಬಿಡಿಸಲೂ ನೀರು! ಹನ್ನೊಂದು ಜೀವಗಳನ್ನು ಉಳಿಸಲೆಂದು ಬರೆದ ಕಾಗದವನ್ನು ಒಂದು ಮೂಲೆಯೂ ಹರಿಯದಂತೆ ಉಳಿಸಿಕೊಂಡಿರಿ. ಪುಟಸಂಖ್ಯೆ ಹಾಕಿದ್ದೀರಂತೆ, ಮೊಹರು ಒತ್ತಿದ್ದೀರಂತೆ. ನಮ್ಮ ಕಾರ್ಖಾನೆಯಲ್ಲಿ ಮೆಷಿನ್ನಿನ ಹಾಳೆ ಕಿತ್ತು ಬೀರುವಿನಲ್ಲಿಟ್ಟವನನ್ನು ಅಂದೇ ಮನೆಗೆ ಕಳಿಸುತ್ತಿದ್ದರು. ಅಲ್ಲಿ ಕೆಡುತ್ತಿದ್ದದ್ದು ಕಬ್ಬಿಣ. ಇಲ್ಲಿ ಮೂರು ದಿನಗಳಲ್ಲಿ ಒಂಬತ್ತು ಜೀವ ಹೋದವು, ಆ ಎರಡು ಮರಿಗಳೂ ಸೇರಿ. ಉಳಿದೆರಡು ಉಳಿದದ್ದು ಯಾರ ದಯೆಯಿಂದ ಬಲ್ಲಿರಾ? ಕೊನೆಯ ಪಂಜರಕ್ಕೆ ಬರುವಷ್ಟರಲ್ಲಿ ನಿಮ್ಮ ನಲ್ಲಿಯಲ್ಲಿ ನೀರು ನಿಂತುಹೋಯಿತು. ನಿಮ್ಮ ಕಚೇರಿಯಲ್ಲಿ ಈ ಪ್ರಾಣಿಗಳಿಗೆ ಉಪಕಾರ ಮಾಡಿದ್ದು ಆ ಖಾಲಿ ನಲ್ಲಿಯೊಂದೇ.

ಈಗ ಶ್ಯಾಮಣ್ಣನಿಗೆ ಮೆಮೊ ಕೊಟ್ಟಿದ್ದೀರಿ, "ನಿರ್ಲಕ್ಷ್ಯ" ಎಂದು. ನಿರ್ಲಕ್ಷ್ಯ ಮಾಡಿದವನು ಆ ಮಧ್ಯಾಹ್ನ ಕಣ್ಣೆತ್ತಿ ನೋಡಿದ ಒಬ್ಬನೇ ಮನುಷ್ಯನೇ? ಅವನು ಮಾಡಿದ್ದು ನಾನು ಗೋಣಿತಾಟು ಕಟ್ಟಿ ಮಾಡಿದ್ದನ್ನೇ. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು, ಓದಿದ್ದಿರಿ. ಅವನ ಮೇಲಿನ ಮೆಮೊ ವಾಪಸ್ ತೆಗೆದುಕೊಳ್ಳಿ. ಅಷ್ಟು ಮಾಡಲು ಮೇಲಿನವರ ಅನುಮತಿ ಬೇಕಿಲ್ಲವೆಂದು ನಂಬಿದ್ದೇನೆ.

ಎರಡು ವಾರ ದಿನವೂ ಬಸ್ಸು ಹತ್ತಿ ಬಂದು, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿದ ನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಗೇಟಿನಲ್ಲಿ ಕೊಡುತ್ತಿದ್ದೆ. ಶ್ಯಾಮಣ್ಣ ಅದನ್ನು ಪಂಜರದ ಹೊರಗೆ ಒರಗಿಸಿಡುತ್ತಿದ್ದ. ಆ ತಂಪಿಗೇ ಅವು ಇಷ್ಟು ದಿನ ತಳ್ಳಿವೆ. ಗುರುವಾರದಿಂದ ಅದೂ ಇಲ್ಲ, ಹೊರಗಿನವರ ವಸ್ತು ಸ್ವೀಕರಿಸಕೂಡದೆಂದು ನಿಮ್ಮ ಆದೇಶ. ನನ್ನ ಅರ್ಜಿಗಳಿಗೆ ಬಂದ ಉತ್ತರದಲ್ಲಿ "ಪರಿಶೀಲನೆಯಲ್ಲಿದೆ" ಎಂಬ ಒಂದು ಪದವಿದೆ. ಮೇ ತಿಂಗಳ ಬಿಸಿಲು ಯಾರ ಪರಿಶೀಲನೆಗೂ ಕಾಯುವುದಿಲ್ಲ, ಸ್ವಾಮಿ.

ಇನ್ನೊಂದು ವಿಷಯ ನಿಮ್ಮ ಮಹಜರಿನಲ್ಲಿಲ್ಲ. ಉಳಿದ ಎರಡರಲ್ಲಿ ಹೆಣ್ಣು ಗಬ್ಬವಾಗಿದೆ. ನನ್ನ ಲೆಕ್ಕದಲ್ಲಿ ಇದೇ ಇಪ್ಪತ್ತೆರಡರ ಆಸುಪಾಸು ಮರಿ ಹಾಕಬೇಕು. ಅದು ನಿಮ್ಮ ವಶದಲ್ಲಿ, ನಿಮ್ಮ ತಗಡಿನ ಕೆಳಗೆ ಹುಟ್ಟುತ್ತದೆ. ಅದರ ಹುಟ್ಟನ್ನು ದಾಖಲಿಸುವವರು ಯಾರು? ಹುಟ್ಟಿದ ಮಧ್ಯಾಹ್ನವೇ ಸತ್ತರೆ ಪ್ರಕರಣ ಯಾರ ಮೇಲೆ?

ನನಗೇ ವಾಪಸ್ ಕೊಡಿ ಎಂಬ ಹಟವೂ ಈಗ ಉಳಿದಿಲ್ಲ. ನನ್ನ ಮೇಲೆ ನಂಬಿಕೆಯಿಲ್ಲದಿದ್ದರೆ ಏಸಿ ಇರುವ ಯಾವ ಪಶುವೈದ್ಯರ ಬಳಿಯಾದರೂ ಬಿಡಿ, ನಿಮ್ಮ ಸ್ವಂತ ಕೋಣೆಯಲ್ಲಾದರೂ ಇಟ್ಟುಕೊಳ್ಳಿ. ಅದಕ್ಕೆ ಬದಲಾಗಿ ಏನು ಬರೆಸುತ್ತೀರೋ ಬರೆಸಿ, ನಾನು ಸಹಿ ಹಾಕುತ್ತೇನೆ. ಕಳ್ಳಿ ಎನ್ನಿ, ಒಪ್ಪುತ್ತೇನೆ. ಇನ್ನು ಮುಂದೆ ಒಂದು ಮರಿಯನ್ನೂ ಸಾಕುವುದಿಲ್ಲವೆಂದು ಬರೆದುಕೊಡಲೇ? ಕೊಡುತ್ತೇನೆ. ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಗೇಟಿನಲ್ಲಿರುತ್ತೇನೆ. ಬಿಸಿಲೇರುವುದರೊಳಗೆ ಆ ಹೆಣ್ಣನ್ನು ತಗಡಿನ ಕೋಣೆಯಿಂದ ಹೊರಗೆ ತನ್ನಿ. ಸಹಿ ಆಮೇಲೆ ಎಷ್ಟು ಬೇಕಾದರೂ ತೆಗೆದುಕೊಳ್ಳುವಿರಂತೆ.

ಇಂತಿ,
ಆರೋಪಿ ಎಂದು ನೀವು ಕರೆಯುವ, ಒಂಬತ್ತು ಹೆಣಗಳು ನೋಡಲೂ ಸಿಗದ,
ವೆಂಕಟಲಕ್ಷ್ಮಿ
ಬೇರಿಕೆ