ಬೋರೇಗೌಡರ ಕಾರಿನ ಸಬ್‌ವೂಫರ್

ನವೆಂಬರ್ 12, ಬುಧವಾರ

ಸಬ್‌ವೂಫರ್ ಹದಿನಾಲ್ಕು ಸಾವಿರ, ಆಂಪ್ ಒಂಬತ್ತು, ಡಬ್ಬ, ವೈರು, ಕೂಲಿ ಸೇರಿ ಐದೂವರೆ. ಒಟ್ಟು ಇಪ್ಪತ್ತೆಂಟೂವರೆ ಸಾವಿರವನ್ನು ಕೆಂಗೇರಿಯ ಬೋರೇಗೌಡರು ನನ್ನ ಕಾರ್ ಸ್ಟೀರಿಯೋ ಅಂಗಡಿಗೆ ಬಂದು ಚೌಕಾಸಿ ಮಾಡದೆ ಕೊಟ್ಟಿದ್ದರು. ಕಿವಿ ಮುಕ್ಕಾಲು ಹೋಗಿತ್ತು. ಹಾಡು ಕೇಳಿಸದಿದ್ದರೂ ತಮಟೆಯ ಏಟು ಎದೆಗೆ ತಾಗಿದರೆ ಸಾಕು ಎಂದಿದ್ದರು.

ಇವತ್ತು ಅವರ ಮಗ ಯಶ್ವಂತ್ ಅಪ್ಪನನ್ನು ಕೂರಿಸಿಕೊಂಡು ಕಾರು ತಂದ. "ಎಲ್ಲಾ ಬಿಚ್ಬಿಡಿ ಅಣ್ಣ. ಅಪ್ಪಂಗೆ ಈಗ ಆ ಏಟೂ ಗೊತ್ತಾಗ್ತಿಲ್ವಂತೆ."

ಬಿಚ್ಚಿದರೆ ಸುಟ್ಟ ವಾಸನೆ. ಸಬ್‌ವೂಫರಿನೊಳಗಿನ ತಂತಿಸುರುಳಿ, ಕಾಯಿಲ್, ಹೋಗಿತ್ತು. ಐನೂರು ವಾಟ್ ಬೇಡುವ ಸಬ್‌ವೂಫರ್‌ಗೆ, ಅಂಗಡಿಯಲ್ಲಿ ಖರ್ಚಾಗದೆ ಕೂತಿದ್ದ ಇನ್ನೂರರ ಆಂಪ್ ಜೋಡಿಸಿ, ಕೊರತೆ ಕಾಣದಿರಲೆಂದು ದನಿ ಏರಿಸುವ ಗೇನ್ ತಿರುಪನ್ನು ಕೊನೆವರೆಗೂ ತಿರುಗಿಸಿದವನು ನಾನೇ. ಶಕ್ತಿ ಸಾಲದ ಆಂಪ್ ಒಡಕು ದನಿ ತಳ್ಳಿ ತಳ್ಳಿ ಕಾಯಿಲ್ ಸುಟ್ಟಿದೆ. ಗೌಡರ ಕಿವಿಯ ತಪ್ಪೇನೂ ಇಲ್ಲ.

ಮುಂದಿನ ಸೀಟಿನಿಂದ ಗೌಡರು ಕೂಗಿ ಕೇಳಿದರು. "ನಿನ್ ಸಾಮಾನು ಸರಿಯಾಗೇ ಐತೆ ತಾನೆ? ಕೆಟ್ಟಿರೋನು ನಾನೇ ಅಲ್ವೇನಪ್ಪಾ?"

ನಿಜ ಹೇಳಿದರೆ ಹೊಸ ಸಬ್‌ವೂಫರ್ ನನ್ನ ಗಂಟಿನಿಂದ. ದಿನವಿಡೀ ಮಾತು ಮಾರಿ ಬದುಕುವವನು ಹೌದೆಂದು ತಲೆಯಾಡಿಸಿದೆ, ಅಷ್ಟೆ.

ಒಂಬತ್ತು ಸಾವಿರಕ್ಕೆ ಮಾರಿದ್ದ ಆಂಪ್ ನಾಲ್ಕು ಸಾವಿರಕ್ಕೆ ನನಗೇ ವಾಪಸು ಬಂತು. ಯಶ್ವಂತ್‌ಗೆ ಡಿಕ್ಕಿ ಖಾಲಿಯಾಯಿತು. ಗೌಡರಿಗೆ ಸಿಕ್ಕಿದ್ದು, ತಾನಿನ್ನು ಪೂರ್ತಿ ಕಿವುಡ ಎಂಬ ನಂಬಿಕೆ.