ಅಕ್ಕನ ನೀಲಿ

ಮಾರ್ಚ್ 3
ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾ ಕಾಯಿಸಿ ಪ್ಲೇಟುಗಳಿಗೆ ಹೊಯ್ಯುತ್ತಿದ್ದೆ. ಚಿತ್ರಗಾರ್ತಿ ಬಂದಳು. ಬ್ಯಾಕ್ಟೀರಿಯಾದಲ್ಲಿ ಚಿತ್ರ ಬರೆಯುವುದನ್ನು ಕಲಿಯಲು ಆರು ತಿಂಗಳಿಂದ ನಮ್ಮ ಲ್ಯಾಬಿನಲ್ಲಿದ್ದಾಳೆ, ಇನ್ನೂ ಪಿಪೆಟ್ಟನ್ನು ಕುಂಚದ ಹಾಗೇ ಹಿಡಿಯುತ್ತಾಳೆ. ಇವತ್ತು ಕೈಯಲ್ಲಿ ತನ್ನ ತೀರಿಹೋದ ಅಕ್ಕನ ವಾಚಿನ ಪಟ್ಟಿ.
"ಇದ್ರಲ್ಲಿ ಅವಳ ಚರ್ಮದ ಬ್ಯಾಕ್ಟೀರಿಯಾ ಇನ್ನೂ ಇರುತ್ತಾ?"
ಇರಬಹುದು ಎಂದೆ.
"ಅದಕ್ಕೆ ನೀಲಿ ಬಣ್ಣದ ಜೀನ್ ಸೇರಿಸಿಕೊಡಿ. ಅದ್ರಲ್ಲೇ ಅಕ್ಕನ ಕೈ ಬರೀತೀನಿ. ಪ್ರದರ್ಶನಕ್ಕೆ."
ಪಟ್ಟಿಯನ್ನು ಚೂರು ಮಾಡಿ ದ್ರಾವಣಕ್ಕೆ ಹಾಕಿದೆ. ನೋಡಲಾರದೆ ಕಿಟಕಿಯತ್ತ ತಿರುಗಿದಳು.

ಮಾರ್ಚ್ 29
ನೀಲಿ ಬಂತು. ಸಾಸಿವೆ ಕಾಳಿನಷ್ಟು. ಪ್ಲೇಟಿನ ಮುಂದೆ ಕೂತು, "ಹೇಗಿದ್ದೀಯೇ?" ಎಂದಳು. ನಗು ತಡೆದುಕೊಂಡೆ... ಇದರಲ್ಲೊಂದಿಷ್ಟನ್ನು ಟ್ಯೂಬಿಗೆ ಹಾಕಿ ಫ್ರೀಜರಿನಲ್ಲಿ ಎತ್ತಿಡಬೇಕು — ನಾಳೆ.

ಏಪ್ರಿಲ್ 2
ಇನ್‌ಕ್ಯುಬೇಟರಿನ ಬಿಸಿ ಏರಿಸಿದ್ದು ನಾನೇ. ಬೇರೆ ಕೆಲಸಕ್ಕೆ. ಅವಳ ಪ್ಲೇಟು ಒಳಗಿದ್ದದ್ದು ಮರೆತೇ ಹೋಯಿತು. ಎಲ್ಲ ಸತ್ತಿವೆ. ಫ್ರೀಜರಿನಲ್ಲಿ ಏನೂ ಇಲ್ಲ. ಪಟ್ಟಿಯೂ ಮುಗಿದಿದೆ.
ಸಂಜೆ ಅವಳ ಫೋನ್. "ಅಕ್ಕ ಹೇಗಿದ್ದಾಳೆ?"
"ಚೆನ್ನಾಗಿದ್ದಾಳೆ."
ಎಲುಬಿಲ್ಲದ ನಾಲಿಗೆ.

ಏಪ್ರಿಲ್ 3
ನನ್ನ ಮಣಿಕಟ್ಟನ್ನೇ ಹತ್ತಿಯಿಂದ ಒರೆಸಿ ಬೆಳೆಯಲು ಇಟ್ಟೆ.

ಏಪ್ರಿಲ್ 28
ನನ್ನ ಬ್ಯಾಕ್ಟೀರಿಯಾಕ್ಕೂ ಜೀನ್ ಸೇರಿಸಿದ್ದಾಯಿತು. ಅದೇ ನೀಲಿ. ಕಣ್ಣಿಗೆ ಒಂದಿಷ್ಟೂ ಭೇದವಿಲ್ಲ. ಅವಳು ಹಾಡು ಗುನುಗುತ್ತ ಬರೆಯುತ್ತಿದ್ದಾಳೆ. ನನಗೆ ಊಟ ಸೇರುತ್ತಿಲ್ಲ.

ಮೇ 10
ಪ್ರದರ್ಶನ. ಗಾಜಿನ ಪೆಟ್ಟಿಗೆಯಲ್ಲಿ ನೀಲಿ ಕೈ. ಚಿತ್ರಗಾರ್ತಿಯ ಅಮ್ಮ ಗಾಜಿನ ಮೇಲೆ ಅಂಗೈ ಇಟ್ಟು ನಿಂತುಬಿಟ್ಟರು. ಆಮೇಲೆ ನನ್ನ ತಲೆ ಸವರಿ, "ನಿನ್ನ ಹೊಟ್ಟೆ ತಣ್ಣಗಿರಲಿ, ಮಗಳೇ" ಎಂದರು.
ಮಣಿಕಟ್ಟನ್ನು ತೋಳಿನೊಳಗೆ ಎಳೆದುಕೊಂಡೆ.

ಮೇ 17
ಚಿತ್ರಗಾರ್ತಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುಂಚ ತೊಳೆಯುತ್ತಲೇ ಇದ್ದಳು, ನೀರು ತಿಳಿಯಾದ ಮೇಲೂ.
"ಅಮ್ಮ ದಿನಾ ಹೋಗಿ ಅದರ ಪಕ್ಕ ಕೂತ್ಕೋತಾಳೆ" ಎಂದಳು ಕೊನೆಗೆ. "ನನ್ನ ಕೈಲಾಗಲ್ಲ. ನೀವೇ ಹೇಳಿ."

ಮೇ 18
ಹೋದೆ. ಗ್ಯಾಲರಿ ಖಾಲಿ. ಅಮ್ಮ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟರು.
"ಬಾಮ್ಮಾ, ಕೂತ್ಕೋ. ಇವತ್ತು ಗೆಲುವಾಗಿದ್ದಾಳೆ, ನೋಡು."
ಕೂತೆ. ಹೇಳಿದೆ. ಒಂದನ್ನೂ ಬಿಡದೆ.
ಗಾಜಿನೊಳಗಿನ ನೀಲಿ ಕೈಯನ್ನೇ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ಹಾಗಾದ್ರೆ ಇದ್ರಲ್ಲಿ ಅವಳದ್ದು ಏನೂ ಇಲ್ವಾ?"
ಇಲ್ಲ ಎಂದೆ.
ಹಿಡಿದ ಕೈ ಬಿಡಲಿಲ್ಲ. ಬಿಡಿಸಿಕೊಳ್ಳೋಣವೆಂದರೆ ನನಗೂ ಮನಸ್ಸು ಬರಲಿಲ್ಲ.