ಕಂಬನ ಬೆರಳು

ಅಕ್ಟೋಬರ್ 9

ಇವತ್ತೂ ಎಡಗೈ. ಬೆಳಗ್ಗೆ ಪೂರ್ತಿ ಎಡಗೈ ಡ್ರಿಬಲ್. ಬಲಗೈಯನ್ನು ಚಡ್ಡಿಯ ಇಲಾಸ್ಟಿಕ್‌ಗೆ ಸಿಕ್ಕಿಸಿಕೊಂಡು ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಈ ತುದಿಯಿಂದ ಆ ತುದಿಗೆ. ಕೋಚ್ ಸೀಟಿ ಕಚ್ಚಿಕೊಂಡೇ ಬೈಯುತ್ತಾರೆ. ಅರ್ಧ ಬೈಗುಳ ಸೀಟಿಯೊಳಗೇ ಉಳಿಯುತ್ತದೆ. ಉಳಿದರ್ಧವೇ ಸಾಕು.

ನಾಳೆಯ ಮ್ಯಾಚಿನಲ್ಲಿ ಮೊದಲಿಂದ ಆಡುವುದು ನಾನೇ. ಜಿಂಕೆ ಬೆಂಚಿನಲ್ಲಿ. ಜಿಂಕೆ ಅಂದರೆ ನನ್ನ ರೂಮ್‌ಮೇಟ್, ಟೀಮಿನ ಇನ್ನೊಬ್ಬ ಪಾಯಿಂಟ್ ಗಾರ್ಡ್, ಚೆಂಡು ತಂದು ಹಂಚುವವನು. ಒಂದೇ ಜಾಗಕ್ಕೆ ಇಬ್ಬರು, ಒಂದೇ ರೂಮಿಗೂ ಅದೇ ಇಬ್ಬರು. ಕ್ಲಬ್ಬಿನವರು ತಮಾಷೆ ಬಲ್ಲವರು.

ನನ್ನದು ಅರ್ಧ ಸೀಸನ್ನಿನ ಕರಾರು. ಜನವರಿ ಬಿಡುವಿನಲ್ಲಿ ಕೋಚ್ ತೀರ್ಮಾನ — ಇಟ್ಟುಕೊಳ್ಳುವುದೋ, ಕಳಿಸುವುದೋ. ಕಳಿಸಿದರೆ ಭಾವನ ಟೈಲ್ಸ್ ಗೋದಾಮು. ಅಕ್ಕನಿಗೆ ಮಾತು ಕೊಟ್ಟಾಗಿದೆ. ಹತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟಾಗ ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. ಚೆಂಡಿಗೆ ಒಂದೇ ಅವಕಾಶ, ಅದು ಹೋದರೆ ಭಾವ ಹೇಳಿದ ಕಡೆ ಕೆಲಸ ಅಂದಳು, ಅಷ್ಟೇ. ಬೆಂಚಿನಲ್ಲಿ ಕೂರಲಾರದೆ ಶಾಲೆ ಬಿಟ್ಟವನು ನಾನು. ಇಲ್ಲೂ ಬೆಂಚೇ ಆದರೆ...

ಅಕ್ಟೋಬರ್ 10

ಗೆದ್ದೆವು. ಕಂಬ ಮಿಂಚಿದ.

ಕಂಬ ನಮ್ಮ ಸೆಂಟರ್, ಬುಟ್ಟಿಯ ಕೆಳಗೆ ಆಡುವವನು. ಟೀಮಿನಲ್ಲೇ ಉದ್ದ, ಟೀಮಿನಲ್ಲೇ ಹಿರಿಯ. ಮಂಡಿ ಎರಡೂ ಸವೆದಿವೆ, ಕೈ ಮಾತ್ರ ಬೆಣ್ಣೆ. ನಾನು ಮುಷ್ಟಿ ಎತ್ತಿದರೆ ಅವನು ಮೇಲೆ ಬಂದು, ತಿರುಗಿ, ಬುಟ್ಟಿಯ ರಿಮ್ಮಿನ ಕಡೆ ನುಗ್ಗಬೇಕು. ಅವನು ತಲುಪುವ ಮೊದಲೇ ಚೆಂಡು ಅಲ್ಲಿಗೆ ಹೊರಟಿರಬೇಕು. ಖಾಲಿ ಜಾಗಕ್ಕೆ ಎಸೆಯುವುದು. ನಂಬಿಕೆ ಮೇಲೆ ನಡೆಯುವ ವ್ಯವಹಾರ.

ಬಸ್ಸಿನಲ್ಲಿ ನನ್ನ ತಲೆ ಮೇಲೆ ಕೈಯಿಟ್ಟ. ತಲೆ ಪೂರ್ತಿ ಅವನ ಅಂಗೈಯೊಳಗೆ ಹೋಯಿತು. ಇಂಥ ಪಾಸ್ ಕೊಡುವವನು ಹತ್ತು ವರ್ಷದ ಹಿಂದೆ ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಕೇಳಿದ. ಒಂದನೇ ಕ್ಲಾಸಿನಲ್ಲಿದ್ದೆ ಅಂದೆ. ಬಸ್ಸೆಲ್ಲ ನಕ್ಕಿತು.

ಅಕ್ಟೋಬರ್ 24

ಸೋತೆವು. ನನ್ನಿಂದ.

ಒಂದು ಪಾಯಿಂಟ್ ಮುಂದಿದ್ದೆವು. ಕೊನೆಯ ಕ್ಷಣಗಳು. ನನ್ನ ಹತ್ತಿರ ಗುದ್ದಾಟ, ಚೆಂಡು ಗೆರೆ ದಾಟಿತು. ಚೆಂಡು ನಮ್ಮದು ಅಂತ ರೆಫರಿ ಕೈ ತೋರಿಸಿದರು. ಅವರ ಟೀಮೆಲ್ಲ ಕೂಗಾಡಿತು. ರೆಫರಿಗೂ ಅನುಮಾನ ಬಂದಿರಬೇಕು, ನನ್ನ ಮುಖ ನೋಡಿ ಕೇಳಿದರು — ಕೊನೆಗೆ ನಿನ್ನ ಕೈಗೆ ತಗುಲಿತಾ?

ಹೌದು ಅಂದೆ.

ಚೆಂಡು ಅವರಿಗೆ ಹೋಯಿತು. ಬ್ಯಾಸ್ಕೆಟ್ ಆಯಿತು. ಮುಗಿಯಿತು.

ಯಾಕೆ ಹೇಳಿದೆ ಅಂತ ಜಿಂಕೆ ದಾರಿಯುದ್ದಕ್ಕೂ ಕೇಳಿದ. ರೆಫರಿ ಕೇಳಿದರು. ತಗುಲಿತ್ತು.

ಗೆದ್ದದ್ದು ಕಂಬನ ಹಳೆಯ ಕ್ಲಬ್ಬು. ವಯಸ್ಸಾಯಿತು ಅಂತ ಅವನನ್ನು ಹೊರಗೆ ಹಾಕಿದವರು. ಇದೊಂದು ಮ್ಯಾಚಿಗಾಗಿ ಅವನು ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದ. ಲಾಕರ್ ರೂಮಿನಲ್ಲಿ ಬೆರಳಿನ ಟೇಪ್ ಬಿಚ್ಚುತ್ತಾ, ತಲೆ ಎತ್ತದೆ ಹೇಳಿದ: “ಸತ್ಯ ಹೇಳಿದ್ಯಲ್ಲ ತಮ್ಮಾ, ಒಳ್ಳೇದಾಯ್ತು. ಇನ್ಮೇಲೆ ಅದನ್ನೇ ಪಾಸ್ ಮಾಡು. ನಾವು ಹಿಡ್ಕೋತೀವಿ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನವೆಂಬರ್ 2

ಮುಷ್ಟಿ ಎತ್ತಿದೆ. ಕಂಬ ಮೇಲೆ ಬಂದ, ತಿರುಗಿದ, ನುಗ್ಗಿದ. ಅರ್ಧ ಹೆಜ್ಜೆ ತಡವಾಗಿ. ಚೆಂಡು ಅವನ ಉಗುರು ಸವರಿ ಹೊರಗೆ ಹೋಯಿತು. ಅವನು ಕೈ ಚಾಚಿ, ಹಲ್ಲು ಕಚ್ಚಿ, ಎಷ್ಟು ಚೆನ್ನಾಗಿ ಒದ್ದಾಡಿದ ಅಂದರೆ ಜನ ನನ್ನನ್ನು ಬೈದರು.

ಮೊದಲ ಸಲ ಮಂಡಿ ನೋವು ಅಂದುಕೊಂಡೆ. ಎರಡನೇ ಸಲವೂ ಹಾಗೇ ಅಂದುಕೊಂಡೆ. ನಾಲ್ಕನೇ ಸಲಕ್ಕೆ ಅವನು ಬೆಂಚಿನ ಕಡೆ ಕಣ್ಣು ಮಿಟುಕಿಸಿದ್ದು ಕಂಡಿತು.

ಅರ್ಧ ಹೆಜ್ಜೆಯನ್ನು ಯಾರೂ ಹಿಡಿಯಲಾರರು. ಮೇಜಿನ ಹಿಂದೆ ಲೆಕ್ಕ ಬರೆಯುವವನಿಗೆ ಕಾಣುವುದು ಇಷ್ಟೇ: ಪಾಸ್ ಗುರಿ ತಪ್ಪಿತು. ಟರ್ನೋವರ್, ಅಂದರೆ ಚೆಂಡು ಕಳೆದ ತಪ್ಪು, ಎಸೆದವನ ಹೆಸರಿಗೆ.

ನವೆಂಬರ್ 11

ಈಗ ಎಲ್ಲರೂ ಕಲಿತಿದ್ದಾರೆ. ಮೂಲೆಯಲ್ಲಿರುವವನು ಪಾಸ್ ಬರುವಾಗ ಕಣ್ಣಿನ ಬೆವರು ಒರೆಸಿಕೊಳ್ಳುತ್ತಾನೆ. ಇನ್ನೊಬ್ಬ ಹಿಡಿದ ಚೆಂಡನ್ನು ಹಾಗೇ ನನಗೆ ವಾಪಸ್ ಕೊಡುತ್ತಾನೆ, ಬಿಸಿ ಪಾತ್ರೆ ಕೊಟ್ಟ ಹಾಗೆ. ಜಿಂಕೆ ಆಟಕ್ಕೆ ಇಳಿದರೆ ಅದೇ ಕೈಗಳಿಗೆ ಜೀವ ಬರುತ್ತದೆ.

ಊಟದ ಮೇಜಿಗೆ ಹೋದರೆ “ಸತ್ಯವಂತ್ರು ಬಂದ್ರು, ಸರ್ಕೊಳ್ರಪ್ಪಾ” ಅಂತಾನೆ ಕಂಬ. ಎಲ್ಲರೂ ಸರಿಯುತ್ತಾರೆ. ಆಚೆ ಮೇಜಿಗೆ.

ನವೆಂಬರ್ 14, ಪ್ರಾಕ್ಟೀಸ್ ಮುಗಿದ ಮೇಲೆ

ಕೋಚ್ ಕರೆದರು. ಟರ್ನೋವರ್ ಕಾಲಂ ಮೇಲೆ ಪೆನ್ನಿನಿಂದ ಕುಟ್ಟಿದರು. ಕಂಬ ಬೇಕೆಂದೇ ಅರ್ಧ ಹೆಜ್ಜೆ ತಡ ಮಾಡುತ್ತಾನೆ ಅಂದೆ. ಗೊತ್ತು ಅಂದರು. ಅದನ್ನು ಹೇಳಿದ ರೀತಿ! ಹೊರಗೆ ಬಿಸಿಲಿದೆ ಅಂದ ಹಾಗೆ.

“ಅವ್ನು ಬರೋ ಹಾಗೆ ಮಾಡು. ನಾಲ್ಕು ಜನ್ರನ್ನ ಆಡ್ಸೋದೇ ನಿನ್ನ ಕೆಲ್ಸ. ದೂರು ಹೇಳೋಕೆ ಪಾಯಿಂಟ್ ಗಾರ್ಡ್ ಯಾಕಯ್ಯಾ ಬೇಕು ನಂಗೆ?”

ಹೇಗೆ ಅಂತ ಕೇಳಿದೆ. ಅದನ್ನು ಕೇಳುವವನು ಟೈಲ್ಸ್ ಹೊರುವುದು ವಾಸಿ ಅಂದರು. ಗೋದಾಮಿನ ವಿಷಯ ಇವರಿಗೆ ಯಾರು ಹೇಳಿದರು? ಜಿಂಕೆಯೇ ಇರಬೇಕು.

ನವೆಂಬರ್ 15

ಕಂಬನ ಹತ್ತಿರ ಹೋದೆ. ಫಿಸಿಯೋ ಮೇಜಿನ ಮೇಲೆ ಮಂಡಿಗೆ ಐಸ್ ಕಟ್ಟಿಕೊಂಡು ಮಲಗಿದ್ದ. ನಾನು ಏನು ಮಾಡಬೇಕು ಹೇಳಿ ಅಂದೆ. ಮಂಡಿಯ ಐಸ್ ಸರಿಪಡಿಸಿಕೊಂಡ.

“ಎಲ್ರ ಮುಂದೆ ಒಂದ್ ಮಾತು ಹೇಳು. ಕೈಗೆ ತಗುಲಿರ್ಲಿಲ್ಲ, ಹೆದ್ರಿ ಬಾಯಿಗೆ ಬಂದದ್ದು ಹೇಳ್ಬಿಟ್ಟೆ ಅಂತ. ಹೆದ್ರಿದವ್ನನ್ನ ಕ್ಷಮಿಸ್ತಾರೆ.”

“ತಗುಲಿತ್ತಲ್ಲ ಅಣ್ಣ.”

ಕಣ್ಣು ಮುಚ್ಚಿಕೊಂಡ. ಹೋಗು ಅಂತ ಬೆರಳಾಡಿಸಿದ.

ಒಂದು ಸುಳ್ಳು ಸಾಕಿತ್ತು. ಅದೂ ಅವನೇ ಹೆಣೆದು ಕೈಗೆ ಕೊಟ್ಟ ಸುಳ್ಳು. ಮೆಟ್ಟಿಲಿಳಿಯುತ್ತಾ ಹೇಳಿ ನೋಡಿದೆ. ನಾಲಗೆ ಏಳಲಿಲ್ಲ. ಇದನ್ನು ಒಳ್ಳೆಯತನ ಅಂತ ಬರೆದುಕೊಳ್ಳುವುದಿಲ್ಲ. ಹಟ. ಚಿಕ್ಕಂದಿನಿಂದಲೂ ಇದೇ ರೋಗ.

ನವೆಂಬರ್ 30

ಬೆಂಚು. ಸತತ ಮೂರನೇ ಮ್ಯಾಚ್.

ಅಕ್ಕ ಫೋನ್ ಮಾಡಿದ್ದಳು. ಟಿವಿಯಲ್ಲಿ ಮ್ಯಾಚ್ ನೋಡುತ್ತಾಳಂತೆ, ನಾನು ಟವೆಲ್ ಹೊದ್ದು ಕೂತಿದ್ದು ಎರಡು ಸಲ ಕಂಡಿತಂತೆ. ಭಾವ ನನಗೆ ಜಾಗ ಮಾಡಲು ಗೋದಾಮಿನಲ್ಲಿ ಒಬ್ಬನನ್ನು ಬಿಡಿಸಬೇಕೋ ಬೇಡವೋ ಅಂತ ಕೇಳುತ್ತಿದ್ದಾನಂತೆ. ಜನವರಿವರೆಗೆ ತಡಿ ಅಂದೆ. ಆ ಉದ್ದದವನು ಹಿಡಿಯದಿದ್ದರೆ ಅವನಿಗೇ ಯಾಕೆ ಎಸೆಯುತ್ತೀಯ ಅಂದಳು. ಆಟದ ಗಂಧಗಾಳಿ ಇಲ್ಲದವಳು. ಅವಳಿಗೂ ಕಂಡಿದೆ.

ಡಿಸೆಂಬರ್ 19

ಜಿಂಕೆಯ ಕಾಲು ಉಳುಕಿತು. ಬಿಡುವಿಗೆ ಮುಂಚಿನ ಕೊನೆಯ ಮ್ಯಾಚ್. ಕೋಚ್ ನನ್ನ ಕಡೆ ನೋಡದೆ, ಇಳಿ ಅಂದರು. ಆಮೇಲೆ ಕಿವಿಯ ಹತ್ತಿರ: ಇದೇ ನಿನ್ನ ಜನವರಿ.

ಮೊದಲರ್ಧ ಅದೇ ನಾಟಕ. ಹೊರಗೆ, ಹೊರಗೆ, ಮತ್ತೆ ಹೊರಗೆ.

ಎರಡನೇ ಅರ್ಧ. ಮುಷ್ಟಿ ಎತ್ತಿದೆ. ಕಂಬ ಮೇಲೆ ಬಂದ, ತಿರುಗಿದ. ಈ ಸಲ ನುಗ್ಗಲೂ ಇಲ್ಲ. ನಿಂತ. ಕೈ ಅರ್ಧ ಎತ್ತಿ ಬೆಂಚಿನ ಕಡೆ ಮುಖ ತಿರುಗಿಸಿ ನಕ್ಕ.

ಎಸೆದೆ. ಎರಡೂ ಕೈಯಿಂದ, ಎದೆಯಿಂದ, ಮೈಯಲ್ಲಿದ್ದ ಅಷ್ಟನ್ನೂ ಹಾಕಿ.

ಬೆತ್ತ ಮುರಿದಂಥ ಸದ್ದು. ಅವನ ಬಲಗೈಯ ಉಂಗುರದ ಬೆರಳು ಹಿಂದಕ್ಕೆ ಮಡಚಿಕೊಂಡು ಕೈಯ ಹಿಂಬದಿ ಮುಟ್ಟುತ್ತಿತ್ತು. ಕಂಬ ಕೂಗಲಿಲ್ಲ. ಬೆರಳನ್ನು ನೋಡಿದ, ಯಾರದೋ ಬೆರಳು ನೋಡುವ ಹಾಗೆ. ಆಮೇಲೆ ಕೂತ.

ಡಿಸೆಂಬರ್ 20

ಎಲ್ಲರೂ ಆಕಸ್ಮಿಕ ಅಂತಿದ್ದಾರೆ. ಟಿವಿಯವನೂ ಅಂದನಂತೆ: ಒಳ್ಳೆಯ ಪಾಸ್, ಸೆಂಟರ್ ನೋಡುತ್ತಿರಲಿಲ್ಲ.

ಇಲ್ಲಿ ಸರಿಯಾಗಿ ಬರೆಯುತ್ತೇನೆ. ನೋಡುತ್ತಿಲ್ಲ ಅಂತ ನೋಡಿಯೇ ಎಸೆದೆ. ಬೆರಳಿಗೆ ಗುರಿಯಿಟ್ಟಿರಲಿಲ್ಲ. ಮುಖಕ್ಕೆ ಇಟ್ಟಿದ್ದೆ. ಬೆರಳು ಅಡ್ಡ ಬಂತು.

ಡಿಸೆಂಬರ್ 23

ಆಪರೇಷನ್ ಆಗಿದೆ. ಒಳಗೆ ತಂತಿ ಹಾಕಿದ್ದಾರಂತೆ. ಬೆರಳು ಇನ್ನು ಪೂರ್ತಿ ಮಡಚುವುದಿಲ್ಲವಂತೆ. ಆ ವಯಸ್ಸಿಗೆ ಮತ್ತೆ ಆಡುವ ಮಾತಿಲ್ಲ. ಫಿಸಿಯೋ ಹೇಳಿದರು, ಟೇಪ್ ಕತ್ತರಿಸುತ್ತಾ.

ಪ್ರಾಕ್ಟೀಸ್‌ನಲ್ಲಿ ಒಂದು ಪಾಸೂ ಕೆಳಗೆ ಬೀಳಲಿಲ್ಲ. ಮೂಲೆಯವನಿಗೆ ಬೆವರೇ ಇಲ್ಲ ಈಗ. ನಾನು ಚೆಂಡು ಮುಟ್ಟಿದೊಡನೆ ನಾಲ್ಕು ಜೊತೆ ಕೈಗಳು ಮೇಲೇಳುತ್ತವೆ, ನಾಲ್ಕು ಜೊತೆ ಕಣ್ಣು ನನ್ನ ಮೇಲೆ. ಊಟಕ್ಕೆ ಹೋದರೆ ಕುರ್ಚಿ ಎಳೆದುಕೊಟ್ಟರು. ಒಬ್ಬ ನೀರು ಬಗ್ಗಿಸಿದ.

ಎಲ್ಲರಿಗೂ ಗೊತ್ತು ಅಂದ ಜಿಂಕೆ, ಕಾಲಿಗೆ ಬ್ಯಾಂಡೇಜು ಸುತ್ತಿಕೊಳ್ಳುತ್ತಾ. ಯಾರೂ ಬಾಯಿ ಬಿಡುವುದಿಲ್ಲವಂತೆ. ಬಿಟ್ಟರೆ, ತಾವು ಯಾಕೆ ಹಿಡಿಯುತ್ತಿರಲಿಲ್ಲ ಅನ್ನುವುದೂ ಹೊರಗೆ ಬರುತ್ತದೆ.

ನಿಜ ಹೇಳಿದ ದಿನ ನನ್ನ ಹತ್ತಿರ ಯಾರೂ ಕೂರಲಿಲ್ಲ. ನೀರು ಕುಡಿದೆ. ಚೆನ್ನಾಗಿತ್ತು.

ಜನವರಿ 4, ಮಧ್ಯಾಹ್ನ

ಕಂಬ ಲಾಕರ್ ಖಾಲಿ ಮಾಡಲು ಬಂದಿದ್ದ. ಒಬ್ಬನೇ. ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿದ್ದವು. ಒಂದು ಕೈಯಿಂದ ಹಾಕಿಕೊಂಡಿರಬೇಕು. ನಾನು ಹೊರಗೆ ಹೊರಟೆ. ಇರು ಅಂದ. ಬ್ಯಾಗಿನ ಬಾಯಿ ಹಿಡಿದುಕೊಂಡೆ. ಹಳೆಯ ಶೂ, ಮಂಡಿ ಪಟ್ಟಿ, ಎಣ್ಣೆ ಬಾಟಲಿ, ಮಗಳು ಬರೆದ ಒಂದು ಚಿತ್ರ. ಚಿತ್ರದಲ್ಲಿ ಅವನು ಮನೆಗಿಂತ ಎತ್ತರ.

ಬೆಂಚಿನ ಮೇಲೆ ಕೂತು ಮಾತಾಡಿದ. ನನ್ನ ಮೇಲೆ ಕೋಪವಿಲ್ಲವಂತೆ. ತಾನು ಮಾಡಿದ್ದು ಹೊಲಸು ಕೆಲಸವಂತೆ, ಹುಡುಗನ ಹೊಟ್ಟೆ ಮೇಲೆ ಹೊಡೆದೆ ಅಂತ ಆಸ್ಪತ್ರೆಯಲ್ಲಿ ಮಲಗಿ ಅನಿಸಿತಂತೆ.

“ಮಗ್ಳು ನಿನ್ನ ಮೇಲೆ ಮುನಿಸ್ಕೊಂಡಿದ್ಲು. ನಾನೇ ಬಿಡ್ಸಿ ಹೇಳ್ದೆ. ಅವನಿಗೇನು ಗೊತ್ತು ಪುಟ್ಟಾ, ಅಪ್ಪನೇ ನೋಡ್ತಿರ್ಲಿಲ್ಲ ಅಂತ. ಕೆಟ್ಟ ಗಳಿಗೆ, ಅಷ್ಟೇ. ನೀನು ಮನಸ್ಸಿಗೆ ಹಚ್ಕೋಬೇಡ.”

ಎಡಗೈ ಚಾಚಿದ.

ಹಿಡಿದು ಸುಮ್ಮನಿದ್ದರೆ ಮುಗಿಯುತ್ತಿತ್ತು. ಅವನು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ಕೆಟ್ಟ ಗಳಿಗೆಯನ್ನು ಬೈದುಕೊಂಡು ಉಳಿದ ಕಾಲ ಕಳೆಯುತ್ತಿದ್ದ.

“ನೋಡ್ತಿಲ್ಲ ಅಂತ ನಂಗೆ ಗೊತ್ತಿತ್ತು ಅಣ್ಣ. ಅದಕ್ಕೇ ಎಸ್ದೆ. ಮುಖಕ್ಕೆ.”

ಚಾಚಿದ ಕೈ ಅಲ್ಲೇ ಇತ್ತು. ಅವನು ಅದನ್ನು ಮರೆತಿದ್ದ.

“ನಾನು ಕೇಳ್ಲಿಲ್ವಲ್ಲೋ” ಅಂದ. ಮೆತ್ತಗೆ. “ಕೇಳೇ ಇಲ್ಲ ನಾನು. ಈಗ ಇದನ್ನ ತಗೊಂಡು ಏನ್ಮಾಡ್ಲಿ?”

ಬ್ಯಾಗ್ ಎತ್ತಿಕೊಳ್ಳಲು ಹೋದ. ಬಲಗೈ ತಾನಾಗಿ ಮುಂದೆ ಬಂತು, ಬೆರಳು ತಗುಲಿತು. ಆಗ ಕೂಗಿದ. ಕೋರ್ಟಿನಲ್ಲಿ ಕೂಗದವನು.

ಕ್ಲಬ್ಬಿಗೆ ಹೇಳಿಬಿಡಿ, ನಾನೂ ಒಪ್ಪಿಕೊಳ್ಳುತ್ತೇನೆ ಅಂದೆ. ಹೇಳಿದರೆ ಅರ್ಧ ಹೆಜ್ಜೆಯ ಕಥೆಯೂ ಹೇಳಬೇಕು, ಆ ಮಾತು ಮಗಳ ಕಿವಿಗೆ ಬೀಳಬಾರದು ಅಂದ. ಗೇಟಿನವರೆಗೆ ಬ್ಯಾಗ್ ಹೊರಲು ಬಿಡಲಿಲ್ಲ.

ಆಮೇಲೆ ರೂಮಿಗೆ ಬಂದು ಮಲಗಿದೆ. ಎಷ್ಟೋ ದಿನದ ಮೇಲೆ ಒಳ್ಳೆಯ ನಿದ್ದೆ. ಬಂತು ಅಂತಲೇ ಬರೆಯುತ್ತೇನೆ.

ಜನವರಿ 6

ಕೋಚ್ ಕೋಣೆ. ಮೇಜಿನ ಮೇಲೆ ಕರಾರು, ಎರಡು ಪೂರ್ತಿ ಸೀಸನ್. ಸಹಿಗೆ ಮುಂಚೆ ಹೇಳಬೇಕು ಅಂತ ಹೇಳಿದೆ: ಕಂಬನಿಗೆ ಬೇಕೆಂದೇ ಹೊಡೆದೆ.

ಕೋಚ್ ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ತಿರುಗಿಸಿ ಇಟ್ಟರು. “ನೀನು ಬಾಯಿ ಬಿಟ್ಟೇ ಹೇಳ್ಬೇಕಾ? ಬೆರಳು ಮುರಿದ್ಯಲ್ಲ, ಅವತ್ತೇ ಈ ಕಾಗದ ಟೈಪ್ ಮಾಡಿಸ್ದೆ ನಾನು.”

ನಿಜ ಹೇಳಿದರೆ ಏನಾದರೂ ಆಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಫ್ಯಾನ್ ತಿರುಗುತ್ತಿತ್ತು.

ಸಹಿ ಹಾಕಿದೆ. ಅಕ್ಕನಿಗೆ ಫೋನ್ ಮಾಡಿದೆ. ಅತ್ತಳು. ಭಾವ ಹಿಂದಿನಿಂದ, ಗೋದಾಮು ಬಚಾವಾಯಿತು ಅಂದ.

ಸಂಜೆ

ಹೊಸ ಸೆಂಟರ್ ಬಂದಿದ್ದಾನೆ. ಉದ್ದಕ್ಕೆ ಉದ್ದ, ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ. ನನಗಿಂತ ಚಿಕ್ಕವನು. ಮೊದಲ ಸಲ ಟೀಮಿನಲ್ಲಿ ನನಗಿಂತ ಚಿಕ್ಕವನು. ಬಾಯಿ ತೆರೆದುಕೊಂಡು ಸೂರು, ದೀಪ, ಖಾಲಿ ಗ್ಯಾಲರಿ ನೋಡುತ್ತಿದ್ದ.

ಕೋಚ್ ಸೀಟಿ ಕಚ್ಚಿಕೊಂಡೇ ಅಂದರು, ಇವನ ಗಮನ ಊರೆಲ್ಲ ಸುತ್ತುತ್ತೆ, ಕಂಬನಿಗೆ ಕಲಿಸಿದ್ದನ್ನು ಇವನಿಗೂ ಕಲಿಸು. ನಾಲ್ಕು ಜನ ನನ್ನನ್ನೇ ನೋಡಿದರು.

ಹುಡುಗ ಗ್ಯಾಲರಿ ಕಡೆ ತಿರುಗಿದ್ದ. ಎಸೆದೆ. ಪೂರ್ತಿ ಜೋರಾಗಿ ಅಲ್ಲ. ಅಂದುಕೊಂಡದ್ದಕ್ಕಿಂತ ಜೋರಾಗಿ. ಮೂಗಿಗೆ ತಗುಲಿತು. ಎಲ್ಲರೂ ನಕ್ಕರು. ರಕ್ತ ಅಂಗಿ ಮೇಲೆ ಇಳಿಯಿತು, ಇನ್ನೂ ನಂಬರ್ ಹಾಕದ ಹೊಸ ಅಂಗಿ.

ಅವನು ಚೆಂಡಿನ ಹಿಂದೆ ಓಡಿ ಎತ್ತಿಕೊಂಡು ಬಂದ. ಎರಡೂ ಕೈಯಲ್ಲಿ ನನಗೆ ಕೊಟ್ಟ. ತಪ್ಪು ನಂದೇ ಅಣ್ಣ ಅಂದ.

ಅಣ್ಣ ಅಂದ. ನನಗೆ. ಅಲ್ಲೇ ಹೇಳಬೇಕಿತ್ತು, ನಿಂದಲ್ಲ ಅಂತ. ಬಾಯಿ ತೆರೆದೆ. ಕೋಚ್ ನೋಡುತ್ತಿದ್ದರು. ನಾನು ಬಾಯಿ ಮುಚ್ಚಿ ಮುಷ್ಟಿ ಎತ್ತಿದೆ.